ಮೇವಿಗೂ ಒಂದು ಹೆಪ್ಪು



ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕಿದವರು ಯಾರು? ಅಮ್ಮನೇ, ಅಜ್ಜಿಯೇ ಅಥವಾ ನೀವೇ? ಉಗುರು ಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಬೆರೆಸಿ, ಮುಚ್ಚಿಟ್ಟು ಮಲಗಿದರೆ ಬೆಳಗಾಗುವಷ್ಟರಲ್ಲಿ ಪಾತ್ರೆಯ ತುಂಬ ಗಟ್ಟಿ ಮೊಸರು! ಈ ಕೆಲಸ ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಎಂದು ನೀವು ಪಾಠದಲ್ಲಿ ಓದಿದ್ದೀರಿ. ಹಾಲಿಗೆ ಹೆಪ್ಪು ಹಾಕುವುದು ಎಲ್ಲರಿಗೂ ಗೊತ್ತು. ದನದ ಮೇವಿಗೂ ಹೆಪ್ಪು ಹಾಕುತ್ತಾರೆ ಎಂದರೆ ನೀವು ನಂಬುತ್ತೀರಾ?

ನಿಮ್ಮ ವಯಸ್ಸಿನಲ್ಲಿ ನಾನಂತೂ ನಂಬುತ್ತಿರಲಿಲ್ಲ. ಅದನ್ನು ನಾನು ತಿಳಿದುಕೊಂಡದ್ದು ಬಹಳ ತಡವಾಗಿ. ಅಷ್ಟರಲ್ಲಿ ನಮ್ಮ ಮನೆಯವರು ಒಂದು ಹಸುವನ್ನೇ ಕಳೆದುಕೊಂಡಿದ್ದರು. ಅದರಲ್ಲಿ ನನ್ನ ತಪ್ಪೂ ಇತ್ತು. ಆ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ.

ಹಸಿ ಮೇವಿನ ಹಗೇವು

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಹಳ್ಳಿ. 2003ರಲ್ಲಿ ನಾನು ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದೆ. ಅದು ಸತತ ಮೂರನೇ ಬರಗಾಲದ ವರ್ಷ. ನಮ್ಮ ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳಿದ್ದವು. ಒಂದರ ಹೆಸರು ಗೌರಿ, ಇನ್ನೊಂದು ಕೆಂಪಿ. ಬೆಳಿಗ್ಗೆ, ಸಂಜೆ ಡೇರಿಗೆ ಹಾಕುವ ಹಾಲಿನ ದುಡ್ಡಿನಲ್ಲೇ ಮನೆಯ ಖರ್ಚು ಸಾಗುತ್ತಿತ್ತು. ಕೆಂಪಿ ಹುಟ್ಟಿದ ದಿನದಿಂದ ಅದಕ್ಕೆ ನೀರು ಕುಡಿಸುತ್ತಿದ್ದವಳು ನಾನು.

ಆ ವರ್ಷ ಮೆಕ್ಕೆಜೋಳ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು. ಊರಿಗೆ ಬಂದಿದ್ದ ಪಶುವೈದ್ಯರು ಹೊಲ ನೋಡಿ, "ಕಾಳಿನ ಆಸೆ ಬಿಡಿ. ಹಸಿರಾಗಿರುವಾಗಲೇ ಕಡಿದು ಗುಂಡಿಗೆ ತುಂಬಿ ರಸಮೇವು ಮಾಡಿಕೊಳ್ಳಿ. ಬೇಸಿಗೆಯಲ್ಲಿ ಹಸುಗಳಿಗೆ ಆಸರೆಯಾಗುತ್ತದೆ" ಎಂದರು. ರಸಮೇವನ್ನು ಸೈಲೇಜ್ ಎಂದೂ ಕರೆಯುತ್ತಾರೆ.

ನಮ್ಮ ಅಜ್ಜಿಗೆ ನಂಬಿಕೆ ಬರಲಿಲ್ಲ. "ಹಸೀದನ್ನ ಮಣ್ಣಲ್ಲಿ ಹೂತರೆ ಗೊಬ್ಬರ ಆಗ್ತದೆ. ಮೇವು ಎಲ್ಲಿಂದ ಆಗ್ತದೆ?" ಎಂದು ಕೇಳಿದರು.

ವೈದ್ಯರು ನಕ್ಕು, "ನೀವು ಹಗೇವಿನಲ್ಲಿ ರಾಗಿ ಇಡುತ್ತಿರಲಿಲ್ಲವೇ ಅಜ್ಜಿ? ಇದು ಹಸಿ ಮೇವಿನ ಹಗೇವು ಅಂದುಕೊಳ್ಳಿ. ಗಾಳಿ ಆಡದಂತೆ ನೋಡಿಕೊಂಡರೆ ಆಯಿತು" ಎಂದರು.

ಹಗೇವು ಎಂದರೆ ನೆಲದೊಳಗೆ ತೋಡಿದ ಕಣಜ. ಹಿಂದೆ ರಾಗಿ, ಜೋಳವನ್ನು ಅದರಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಪಾಡುತ್ತಿದ್ದರು. ಗಾಳಿ ಇಲ್ಲದ ಕಡೆ ಹುಳು ಬದುಕುವುದಿಲ್ಲ. ಹಗೇವಿನ ಹೋಲಿಕೆ ಕೇಳಿದ ಮೇಲೆ ಅಜ್ಜಿ ಸುಮ್ಮನಾದರು.

ಅಪ್ಪ 8 ಅಡಿ ಉದ್ದ, 5 ಅಡಿ ಅಗಲ, 4 ಅಡಿ ಆಳದ ಗುಂಡಿ ತೋಡಿದರು. ಒಂದು ಸಣ್ಣ ಲೆಕ್ಕ ಮಾಡೋಣವೇ? ಗುಂಡಿಯ ಗಾತ್ರ 160 ಘನ ಅಡಿ. ಚೆನ್ನಾಗಿ ತುಳಿದು ತುಂಬಿದರೆ ಒಂದು ಘನ ಅಡಿಯಲ್ಲಿ ಸುಮಾರು 14 ಕಿಲೋಗ್ರಾಂ ಮೇವು ಹಿಡಿಯುತ್ತದೆ. ಅಂದರೆ ಒಟ್ಟು 2,240 ಕಿಲೋಗ್ರಾಂ. ಒಂದು ಹಸುವಿಗೆ ದಿನಕ್ಕೆ 20 ಕಿಲೋಗ್ರಾಂನಂತೆ ಎರಡು ಹಸುಗಳಿಗೆ ಎಷ್ಟು ದಿನ ಬರುತ್ತದೆ? 56 ದಿನ. ಹತ್ತಿರ ಹತ್ತಿರ ಎರಡು ತಿಂಗಳು! ಒಣಹುಲ್ಲಿನ ಜೊತೆ ಸೇರಿಸಿ ಕೊಟ್ಟರೆ ಮುಂಗಾರಿನವರೆಗೂ ತಳ್ಳಬಹುದು ಎಂದು ಅಪ್ಪ ಲೆಕ್ಕ ಹಾಕಿದ್ದರು.

ನಮ್ಮಲ್ಲಿ ಮೇವು ಕತ್ತರಿಸುವ ಯಂತ್ರ ಇರಲಿಲ್ಲ. ಅಪ್ಪ, ಅವ್ವ ಮಚ್ಚಿನಿಂದಲೇ ಕೊಚ್ಚಿದರು. ಗುಂಡಿ ತುಂಬಲು ನಾಲ್ಕು ದಿನ ಹಿಡಿಯಿತು. ನಾನೂ ತಮ್ಮನೂ ಸಂಜೆ ಶಾಲೆಯಿಂದ ಬಂದು ಮೇವಿನ ಮೇಲೆ ಕುಣಿದು ಕುಣಿದು ತುಳಿದೆವು. ಕೊನೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೇಲೆ ಮಣ್ಣು ಹಾಕಿ, ಕಲ್ಲು ಹೇರಿದರು. "ಎರಡು ತಿಂಗಳು ಯಾರೂ ಮುಟ್ಟಬೇಡಿ" ಎಂದು ಅಪ್ಪ ಹೇಳಿದರು.

ನಾನು ಇಣುಕಿ ನೋಡಿದೆ

ಮುಟ್ಟಬೇಡಿ ಎಂದರೆ ನಿಮಗೆ ಏನನ್ನಿಸುತ್ತದೆ? ಮುಟ್ಟಬೇಕು ಎನ್ನಿಸುತ್ತದೆ, ಅಲ್ಲವೇ? ನನಗೂ ಹಾಗೇ ಆಯಿತು. ಒಳಗೆ ಮೇವು ಏನಾಗುತ್ತಿದೆ ಎಂಬ ಕುತೂಹಲ ತಡೆಯಲಾಗಲಿಲ್ಲ. ಮೂರನೆಯ ದಿನ ಒಂದು ಮೂಲೆಯ ಮಣ್ಣು ಸರಿಸಿ, ಹಾಳೆ ಎತ್ತಿ, ಒಳಗೆ ಕೈ ಇಟ್ಟೆ. ಮೇವು ಬೆಚ್ಚಗಿತ್ತು! ಯಾರೂ ಬೆಂಕಿ ಹಾಕದೆ ಅದು ಬಿಸಿಯಾದದ್ದು ಹೇಗೆ? ಮರುದಿನ ಗೆಳತಿಯರನ್ನು ಕರೆತಂದು ತೋರಿಸಿದೆ. ಒಂದು ವಾರ ಬಿಟ್ಟು ಮತ್ತೆ ನೋಡಿದೆ. ಹೀಗೆ ಆರೇಳು ಸಲ ಆಯಿತು. ಪ್ರತಿ ಸಲವೂ ಮಣ್ಣನ್ನು ಮೊದಲಿನಂತೆಯೇ ಮುಚ್ಚಿದ್ದೇನೆ ಎಂದುಕೊಂಡಿದ್ದೆ.

2004ರ ಫೆಬ್ರವರಿಯಲ್ಲಿ ಗುಂಡಿ ತೆರೆದರು. ಹಾಳೆ ಎತ್ತಿದ ಕೂಡಲೇ ಕೆಟ್ಟ ವಾಸನೆ ಮೂಗಿಗೆ ಬಡಿಯಿತು. ಮೇಲಿನ ಪದರದ ತುಂಬ ಬಿಳಿ, ಹಸಿರು ಬೂಷ್ಟು. ಕೆಳಗಿನ ಒಂದು ಕಡೆ ಕಪ್ಪಗೆ, ಲೋಳೆಲೋಳೆ. ನಾನು ಇಣುಕುತ್ತಿದ್ದ ಮೂಲೆಯಲ್ಲಿ ಮೇವು ಪೂರ್ತಿ ಕೊಳೆತಿತ್ತು. ನಡುವಿನ ಒಂದಿಷ್ಟು ಮಾತ್ರ ಹಳದಿ ಮಿಶ್ರಿತ ಹಸಿರು ಬಣ್ಣದಲ್ಲಿ, ಹುಳಿ ಪರಿಮಳದಿಂದ ಕೂಡಿತ್ತು. ಅದನ್ನು ಮಾತ್ರ ಹಸುಗಳು ತಿಂದವು. ಅರ್ಧಕ್ಕಿಂತ ಹೆಚ್ಚು ಮೇವನ್ನು ತಿಪ್ಪೆಗೆ ಹಾಕಬೇಕಾಯಿತು. "ನಾನು ಹೇಳಿರಲಿಲ್ಲವಾ?" ಎಂದು ಅಜ್ಜಿ ಕೇಳಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಉಳಿದ ಮೇವು ಮಾರ್ಚ್ ಮುಗಿಯುವ ಮೊದಲೇ ಖಾಲಿಯಾಯಿತು. ಕೊಳ್ಳಲು ಹೋದರೆ ಹುಲ್ಲಿನ ಬೆಲೆ ಕೈಗೆಟುಕುತ್ತಿರಲಿಲ್ಲ. ಏಪ್ರಿಲಿನಲ್ಲಿ ಅಪ್ಪ ಕೆಂಪಿಯನ್ನು ಸಂತೆಗೆ ಹೊಡೆದುಕೊಂಡು ಹೋದರು. ಬರಗಾಲದಲ್ಲಿ ಎಲ್ಲರೂ ಮಾರುವವರೇ, ಕೊಳ್ಳುವವರು ಕಡಿಮೆ. ಸಿಕ್ಕಿದ ಬೆಲೆಗೆ ಕೊಟ್ಟು, ಸಂಜೆ ಬರಿಯ ಹಗ್ಗ ಹಿಡಿದು ಮನೆಗೆ ಬಂದರು. ನಾನು ಮೂಲೆಯ ಹಾಳೆ ಎತ್ತುತ್ತಿದ್ದ ವಿಷಯ ಯಾರಿಗೂ ಹೇಳಲಿಲ್ಲ.

ಗುಂಡಿಯೊಳಗೆ ನಡೆದದ್ದೇನು?

ಇದಕ್ಕೆ ಉತ್ತರ ಸಿಕ್ಕಿದ್ದು ನಾನು ಬಿ.ಎಸ್ಸಿ. ಓದುವಾಗ, ಸೂಕ್ಷ್ಮಜೀವಿಗಳ ಪಾಠದಲ್ಲಿ. ಬನ್ನಿ, ಆ ಗುಂಡಿಯೊಳಗೆ ಈಗ ಒಟ್ಟಿಗೆ ಇಣುಕೋಣ. ಹಾಳೆ ಎತ್ತದೆ!

ಕಡಿದ ಕೂಡಲೇ ಗಿಡ ಸಾಯುವುದಿಲ್ಲ. ಅದರ ಜೀವಕೋಶಗಳು ಇನ್ನೂ ಉಸಿರಾಡುತ್ತಿರುತ್ತವೆ. ಸುತ್ತಲಿನ ಆಕ್ಸಿಜನ್ ಬಳಸಿ ತಮ್ಮಲ್ಲಿರುವ ಸಕ್ಕರೆಯನ್ನು ಉರಿಸುತ್ತವೆ. ಆಗ ಕಾರ್ಬನ್ ಡೈಆಕ್ಸೈಡ್ ಮತ್ತು ಶಾಖ ಹೊರಬೀಳುತ್ತವೆ. ಮೂರನೆಯ ದಿನ ನನ್ನ ಕೈಗೆ ತಾಗಿದ ಬಿಸಿ ಹೀಗೆ ಬಂದದ್ದು. ಒಳಗೆ ಸಿಕ್ಕಿಕೊಂಡ ಆಕ್ಸಿಜನ್ ಮುಗಿದರೆ ಈ ಉರಿಯುವಿಕೆ ತಾನಾಗಿ ನಿಲ್ಲುತ್ತದೆ.

ಅನಂತರ ಗಾಳಿ ಇಲ್ಲದೆಯೂ ಬದುಕಬಲ್ಲ ಬ್ಯಾಕ್ಟೀರಿಯಾಗಳ ಸರದಿ. ಅವುಗಳಲ್ಲಿ ನಮಗೆ ಬೇಕಾದವು ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು. ಅವು ಮೇವಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಮೊಸರಿಗೆ ಹುಳಿ ಬರುವುದೂ ಇದೇ ಆಮ್ಲದಿಂದ. ಹಗೇವಿನ ರಾಗಿಗೂ ಗುಂಡಿಯ ಮೇವಿಗೂ ಇರುವ ವ್ಯತ್ಯಾಸ ಇಲ್ಲಿದೆ. ರಾಗಿ ಒಣಗಿದ್ದು, ಮೇವು ಹಸಿ. ಹಸಿಯಾದದ್ದನ್ನು ಕಾಪಾಡಲು ಗಾಳಿ ತಪ್ಪಿಸಿದರೆ ಸಾಲದು, ಹುಳಿಯೂ ಬೇಕು.

ಎಷ್ಟು ಹುಳಿ ಬೇಕು? ಹುಳಿಯನ್ನು ಅಳೆಯಲು ವಿಜ್ಞಾನಿಗಳು ಪಿಎಚ್ ಎಂಬ ಅಳತೆಯನ್ನು ಬಳಸುತ್ತಾರೆ. ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಹಸಿ ಮೆಕ್ಕೆಜೋಳದ ಪಿಎಚ್ ಸುಮಾರು 6. ಒಳ್ಳೆಯ ರಸಮೇವಿನದು ಸುಮಾರು 4. ಎರಡೇ ಅಂಕಿ ಇಳಿಯಿತಲ್ಲ ಎನ್ನಬೇಡಿ. ಪಿಎಚ್ ಒಂದು ಅಂಕಿ ಇಳಿದರೆ ಆಮ್ಲತೆ 10 ಪಟ್ಟು ಏರುತ್ತದೆ. ಎರಡು ಅಂಕಿ ಇಳಿದರೆ 10 ಗುಣಿಸು 10, ಅಂದರೆ 100 ಪಟ್ಟು! ಅಷ್ಟು ಹುಳಿಯಲ್ಲಿ ಮೇವನ್ನು ಕೊಳೆಸುವ ಸೂಕ್ಷ್ಮಜೀವಿಗಳು ಕೆಲಸ ಮಾಡಲಾರವು. ಕೊನೆಗೆ ಹುಳಿ ಮಾಡಿದ ಬ್ಯಾಕ್ಟೀರಿಯಾಗಳೇ ಸುಸ್ತಾಗಿ ನಿಲ್ಲುತ್ತವೆ. ಆಮೇಲೆ ಮೇವು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ರಸಮೇವನ್ನು ದನಗಳ ಉಪ್ಪಿನಕಾಯಿ ಎಂದು ಕೆಲವರು ಕರೆಯುವುದು ಇದಕ್ಕೇ.

ಆದರೆ ಗುಂಡಿಯೊಳಗೆ ನಮಗೆ ಬೇಡದವರೂ ಇದ್ದಾರೆ. ಕ್ಲಾಸ್ಟ್ರಿಡಿಯಾ ಎಂಬ ಬ್ಯಾಕ್ಟೀರಿಯಾಗಳು ಮಣ್ಣಿನ ಜೊತೆ ಬರುತ್ತವೆ. ಇವುಗಳಿಗೂ ಗಾಳಿ ಬೇಡ. ನೀರಿನಂಶ ಹೆಚ್ಚಾಗಿದ್ದು, ಹುಳಿ ಬೇಗ ಏರದಿದ್ದರೆ ಇವು ತಲೆ ಎತ್ತುತ್ತವೆ. ಬ್ಯುಟಿರಿಕ್ ಆಮ್ಲ ತಯಾರಿಸಿ ಮೇವನ್ನು ನಾತ ಹೊಡೆಸುತ್ತವೆ. ಇನ್ನು ಯೀಸ್ಟ್ ಮತ್ತು ಬೂಷ್ಟುಗಳು ಗಾಳಿಗಾಗಿ ಕಾದು ಕುಳಿತಿರುತ್ತವೆ. ಗಾಳಿ ಸಿಕ್ಕಿದರೆ ಯೀಸ್ಟ್‌ಗಳು ಲ್ಯಾಕ್ಟಿಕ್ ಆಮ್ಲವನ್ನೇ ತಿಂದುಹಾಕುತ್ತವೆ. ಹುಳಿ ಕಡಿಮೆಯಾಗುತ್ತದೆ, ಮೇವು ಬಿಸಿಯಾಗುತ್ತದೆ, ಆಗ ಬೂಷ್ಟು ಬೆಳೆಯುತ್ತದೆ.

ಈಗ ಹೇಳಿ, ನಾನು ಹಾಳೆ ಎತ್ತಿದಾಗಲೆಲ್ಲ ಒಳಗೆ ಹೋದದ್ದು ಏನು? ತರಗತಿಯಲ್ಲಿ ಕುಳಿತು ಅದನ್ನು ಓದುವಾಗ ನನಗೆ ಕೆಂಪಿಯ ನೆನಪಾಯಿತು. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಮೇವಿನ ಕೆಲಸಕ್ಕೆ ನೊಬೆಲ್ ಪ್ರಶಸ್ತಿ

ಹಸಿ ಮೇವು ಕೆಡುವ ತಾಪತ್ರಯ ನಮ್ಮೂರಿನದು ಮಾತ್ರವಲ್ಲ. ಭೂಪಟದಲ್ಲಿ ಯೂರೋಪಿನ ಉತ್ತರ ತುದಿಯಲ್ಲಿ ಫಿನ್‌ಲೆಂಡ್ ದೇಶವನ್ನು ಹುಡುಕಿ. ಅಲ್ಲಿ ಚಳಿಗಾಲ ಬಹಳ ದೀರ್ಘ. ಹೊಲಗಳೆಲ್ಲ ಹಿಮದಿಂದ ಮುಚ್ಚಿರುವಾಗ ಹಸುಗಳು ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲೇ ಇರಬೇಕು. ಬೇಸಿಗೆಯ ಹಸಿರು ಮೇವನ್ನು ಚಳಿಗಾಲಕ್ಕೆ ಉಳಿಸುವುದು ಹೇಗೆ?

ಆ ದೇಶದ ರಸಾಯನವಿಜ್ಞಾನಿ ಆರ್ಟುರಿ ಇಲ್ಮರಿ ವಿರ್ಟನೆನ್ 1920ರ ದಶಕದಲ್ಲಿ ಇದರ ಬೆನ್ನು ಹತ್ತಿದರು. ಮೇವಿನ ಪಿಎಚ್ ಅನ್ನು ಬೇಗನೆ 4ಕ್ಕಿಂತ ಕೆಳಗೆ ಇಳಿಸಿದರೆ ಅದು ಕೊಳೆಯುವುದಿಲ್ಲ ಎಂದು ಅವರು ಕಂಡುಕೊಂಡರು. ನೀರು ಬೆರೆಸಿ ತೆಳುಗೊಳಿಸಿದ ಆಮ್ಲವನ್ನು ನೇರವಾಗಿ ಮೇವಿಗೇ ಸೇರಿಸುವ ವಿಧಾನವನ್ನು ರೂಪಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಎ.ಐ.ವಿ. ವಿಧಾನ ಎಂದು ಹೆಸರಾಯಿತು. 1945ರಲ್ಲಿ ವಿರ್ಟನೆನ್ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಪ್ರಶಸ್ತಿ ಕೊಟ್ಟ ಕಾರಣಗಳಲ್ಲಿ ಮೇವು ಸಂರಕ್ಷಣೆಯ ವಿಧಾನವೂ ಒಂದು. ಹಸುವಿನ ಊಟದ ಬಗ್ಗೆ ಯೋಚಿಸಿದವರಿಗೂ ನೊಬೆಲ್ ಸಿಗುತ್ತದೆ, ನೋಡಿ!

ಆದರೆ ಪ್ರಬಲ ಆಮ್ಲ ಕೈ ಸುಡುತ್ತದೆ, ಕಬ್ಬಿಣವನ್ನು ತಿನ್ನುತ್ತದೆ. ಆಮ್ಲವನ್ನು ಸುರಿಯುವ ಬದಲು ಆಮ್ಲ ಮಾಡುವ ಬ್ಯಾಕ್ಟೀರಿಯಾಗಳನ್ನೇ ಸೇರಿಸಿದರೆ ಹೇಗೆ? ಮೇವಿಗೆ ಹಾಕುವ ಹೆಪ್ಪಿನ ಹಿಂದಿರುವುದು ಈ ಯೋಚನೆ.

ಓಟದಲ್ಲಿ ಹತ್ತು ಹೆಜ್ಜೆ ಮುಂದೆ

ನಿಮಗೆ ಇಲ್ಲಿ ಒಂದು ಪ್ರಶ್ನೆ ಏಳಬಹುದು. ಲ್ಯಾಕ್ಟಿಕ್ ಆಮ್ಲ ಬ್ಯಾಕ್ಟೀರಿಯಾಗಳು ಗಿಡದ ಮೇಲೆ ಮೊದಲೇ ಇರುತ್ತವಲ್ಲ, ಮತ್ತೆ ಹೆಪ್ಪು ಏಕೆ?

ಅಡುಗೆಮನೆಗೆ ಹೋಗೋಣ. ಹಾಲಿಗೆ ಹೆಪ್ಪು ಹಾಕುತ್ತೇವೆ. ಇಡ್ಲಿ ಹಿಟ್ಟಿಗೆ ಹಾಕುತ್ತೇವೆಯೇ? ಇಲ್ಲ. ಹಾಲನ್ನು ಕಾಯಿಸಿದಾಗ ಅದರಲ್ಲಿದ್ದ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುತ್ತವೆ. ಆದ್ದರಿಂದ ಹೊಸದಾಗಿ ಸೇರಿಸಬೇಕು. ಇಡ್ಲಿ ಹಿಟ್ಟಿನಲ್ಲಿ ಉದ್ದಿನ ಜೊತೆ ಬಂದ ಬ್ಯಾಕ್ಟೀರಿಯಾಗಳು ಇರುತ್ತವೆ. ಅವೇ ಹಿಟ್ಟನ್ನು ಹುಳಿ ಬರಿಸಿ ಉಬ್ಬಿಸುತ್ತವೆ. ಆದರೂ ಚಳಿಗಾಲದಲ್ಲಿ ಕೆಲವು ದಿನ ಹಿಟ್ಟು ಉಬ್ಬುವುದೇ ಇಲ್ಲ, ಅಲ್ಲವೇ? ಹೆಪ್ಪು ಹಾಕದ ಮೇವು ಇಡ್ಲಿ ಹಿಟ್ಟಿನ ಹಾಗೆ. ಅದರ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾಗಳು ಇರುತ್ತವೆ. ಎಷ್ಟು ಇವೆ, ಎಂಥವು ಇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿಲ್ಲ. ಒಂದು ಗ್ರಾಂ ಮೇವಿನಲ್ಲಿ ಕೆಲವೊಮ್ಮೆ ಲಕ್ಷ ಇರಬಹುದು, ಕೆಲವೊಮ್ಮೆ ನೂರೂ ಇರಲಿಕ್ಕಿಲ್ಲ.

ಬ್ಯಾಕ್ಟೀರಿಯಾಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ. ಒಂದರಿಂದ ಶುರು ಮಾಡಿ ಹತ್ತು ಸಲ ಇಮ್ಮಡಿ ಮಾಡಿ ನೋಡಿ. ಎಷ್ಟು ಬಂತು? 1,024. ಅಂದರೆ ಸುಮಾರು ಸಾವಿರ ಪಟ್ಟು. ಮೇವಿನಲ್ಲಿ ನೂರು ಬ್ಯಾಕ್ಟೀರಿಯಾಗಳಿರುವ ಕಡೆ ನಾವು ಲಕ್ಷ ಸೇರಿಸಿದರೆ, ಅವು ಓಟದ ಪಂದ್ಯದಲ್ಲಿ ಹತ್ತು ಹೆಜ್ಜೆ ಮುಂದೆ ನಿಂತು ಓಡಲು ಶುರು ಮಾಡಿದಂತೆ. ಗುಂಡಿಯೊಳಗಿನ ಓಟದಲ್ಲಿ ಬೇಗ ಹುಳಿ ಏರಿಸಿದವರೇ ಗೆದ್ದವರು. ಕ್ಲಾಸ್ಟ್ರಿಡಿಯಾಗಳು ಎದ್ದು ನಿಲ್ಲುವಷ್ಟರಲ್ಲಿ ಪಿಎಚ್ ಇಳಿದುಬಿಟ್ಟಿರುತ್ತದೆ.

ನಿಜಕ್ಕೂ ಮೇವಿನ ಹೆಪ್ಪಿನ ಸಾಮಾನ್ಯ ಅಳತೆ ಅಷ್ಟೇ. ಒಂದು ಗ್ರಾಂ ಹಸಿ ಮೇವಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ. ಒಂದು ಟನ್ ಎಂದರೆ 10 ಲಕ್ಷ ಗ್ರಾಂ. ಹಾಗಾದರೆ ಒಂದು ಟನ್ ಮೇವಿಗೆ ಎಷ್ಟು ಬೇಕು? 10 ಸಾವಿರ ಕೋಟಿ! ಜಗತ್ತಿನ ಜನಸಂಖ್ಯೆ ಸುಮಾರು 800 ಕೋಟಿ. ಅದರ ಹನ್ನೆರಡು ಪಟ್ಟಿಗಿಂತ ಹೆಚ್ಚು ಬ್ಯಾಕ್ಟೀರಿಯಾಗಳು ಕೆಲವೇ ಗ್ರಾಂ ಒಣ ಪುಡಿಯಲ್ಲಿ ನಿದ್ದೆ ಮಾಡುತ್ತಿರುತ್ತವೆ. ನೀರಿಗೆ ಬಿದ್ದಾಗ ಏಳುತ್ತವೆ.

ಈ ಹೆಪ್ಪಿನಲ್ಲಿ ಹೆಚ್ಚಾಗಿ ಇರುವುದು ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯಾ. 2020ರಲ್ಲಿ ವಿಜ್ಞಾನಿಗಳು ಲ್ಯಾಕ್ಟೋಬ್ಯಾಸಿಲಸ್ ಎಂಬ ದೊಡ್ಡ ಕುಟುಂಬವನ್ನು ಹಲವು ಮನೆಗಳಾಗಿ ಪಾಲು ಮಾಡಿದರು. ಆಗ ಇದಕ್ಕೆ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಹೊಸ ಹೆಸರು ಬಂತು. ಒಂದೇ ಉಸಿರಿಗೆ ಹೇಳಿ ನೋಡೋಣ! ಇದು ಒಂದು ಗ್ಲೂಕೋಸ್ ಅಣುವಿನಿಂದ ಎರಡು ಲ್ಯಾಕ್ಟಿಕ್ ಆಮ್ಲದ ಅಣುಗಳನ್ನು ಮಾಡುತ್ತದೆ. ಸಕ್ಕರೆಯ ಸ್ವಲ್ಪ ಭಾಗವೂ ಅನಿಲವಾಗಿ ಹಾರಿಹೋಗುವುದಿಲ್ಲ.

ಇನ್ನೊಂದು ಬ್ಯಾಕ್ಟೀರಿಯಾ ಬುಕ್ನೆರಿ. ಇದು ನಿಧಾನಿ. ವಾರಗಟ್ಟಲೆ ಕುಳಿತು ಸ್ವಲ್ಪ ಲ್ಯಾಕ್ಟಿಕ್ ಆಮ್ಲವನ್ನು ಅಸಿಟಿಕ್ ಆಮ್ಲವಾಗಿ ಬದಲಿಸುತ್ತದೆ. ವಿನೆಗರ್‌ನಲ್ಲಿ ಇರುವ ಆಮ್ಲ ಇದೇ. ಯೀಸ್ಟ್‌ಗಳಿಗೆ ಇದು ಆಗದು. ಹಾಗಾಗಿ ಗುಂಡಿ ತೆರೆದು ಗಾಳಿ ಸೋಕಿದ ಮೇಲೂ ಮೇವು ಬೇಗ ಬಿಸಿಯಾಗುವುದಿಲ್ಲ.

"ಮನೆಯ ಮೊಸರನ್ನೇ ಮೇವಿಗೆ ಹಾಕಿದರಾಗದೇ?" ಎಂದು ನನ್ನ ವಿದ್ಯಾರ್ಥಿಯೊಬ್ಬ ಕೇಳಿದ್ದ. ಒಳ್ಳೆಯ ಪ್ರಶ್ನೆ. ಮೊಸರಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಗೆ ಒಗ್ಗಿದವು. ಮೇವಿಗೆ ಗಿಡದ ಸಕ್ಕರೆ ತಿಂದು ಬೆಳೆದವೇ ಹೆಚ್ಚು ಸೂಕ್ತ.

ನಾಲ್ಕು ಚೀಲಗಳ ಪರೀಕ್ಷೆ

ಈಗ ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 2019ರಲ್ಲಿ ರಜೆಗೆ ಊರಿಗೆ ಹೋದಾಗ ಮತ್ತೆ ರಸಮೇವು ಮಾಡೋಣ ಎಂದೆ. ಅಪ್ಪನಿಗೆ ಮನಸ್ಸಿರಲಿಲ್ಲ. "ಒಂದು ಸಲ ಕೈ ಸುಟ್ಟುಕೊಂಡಿದ್ದೀವಲ್ಲ" ಎಂದರು. ಕೊನೆಗೆ ಗುಂಡಿಯ ಬದಲು ನಾಲ್ಕು ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ಪ್ರಯತ್ನಿಸಲು ಒಪ್ಪಿದರು. ಎರಡಕ್ಕೆ ಹೆಪ್ಪಿನ ಪುಡಿ, ಎರಡಕ್ಕೆ ಇಲ್ಲ. ಹೋಲಿಸಿ ನೋಡಲು ಹೀಗೆ ಮಾಡಲೇಬೇಕು.

ಈ ಸಲ ಬಾಡಿಗೆ ಯಂತ್ರದಿಂದ ಮೇವನ್ನು ಎರಡು, ಮೂರು ಸೆಂಟಿಮೀಟರ್ ತುಂಡು ಮಾಡಿದೆವು. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದೆ. ನೀರು ತೊಟ್ಟಿಕ್ಕಲಿಲ್ಲ. ಕೈ ಬಿಚ್ಚಿದಾಗ ಉಂಡೆ ನಿಧಾನವಾಗಿ ಬಿಚ್ಚಿಕೊಂಡಿತು. ತೇವ ಸರಿಯಾಗಿದೆ ಎಂಬುದಕ್ಕೆ ಇದೇ ಗುರುತು. ಪುಡಿಯನ್ನು ಬಾವಿಯ ನೀರಿನಲ್ಲಿ ಕಲಸಿದೆವು. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ, ಅದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಪದರ ಪದರವಾಗಿ ಚಿಮುಕಿಸಿ, ತುಳಿದು, ಒಂದೇ ದಿನದಲ್ಲಿ ನಾಲ್ಕೂ ಚೀಲ ತುಂಬಿದೆವು.

ಅಪ್ಪ ಕೊನೆಯ ಚೀಲದ ಬಾಯಿ ಬಿಗಿಯುತ್ತಿದ್ದರು. ಆಗ ನನಗೆ ತಡೆಯಲಾಗಲಿಲ್ಲ. ಹದಿನಾರು ವರ್ಷ ಮುಚ್ಚಿಟ್ಟ ಮಾತನ್ನು ಹೇಳಿಬಿಟ್ಟೆ. ಮೂಲೆಯ ಹಾಳೆ ಎತ್ತಿ ಎತ್ತಿ ನೋಡಿದ್ದು ನಾನೇ ಎಂದೆ.

ಅಪ್ಪ ದಾರದ ಗಂಟು ಹಾಕಿ ಮುಗಿಸಿದರು. ಸ್ವಲ್ಪ ಹೊತ್ತು ಯೋಚಿಸಿ, "ಅದೊಂದೇ ಅಲ್ಲ ಬಿಡವ್ವ. ತುಂಬೋದಕ್ಕೇ ನಾಲ್ಕು ದಿನ ಹಿಡೀತು. ತುಂಡೂ ದೊಡ್ಡದಾಗಿತ್ತು. ನೀವಿಬ್ಬರು ತುಳಿದದ್ದು ಯಾವ ಲೆಕ್ಕಕ್ಕೆ? ಆದರೆ ಆ ಮೂಲೆ ನಿಂದೇ" ಎಂದರು.

ನನ್ನ ಪಾಲಿನ ತಪ್ಪು ನನಗೇ ಉಳಿಯಿತು. ಆದರೂ ಅಪ್ಪ ಹೇಳಿದ್ದು ಪಕ್ಕಾ ವಿಜ್ಞಾನದ ಮಾತು. ಒಂದು ಕೆಲಸ ಕೆಟ್ಟರೆ ಕಾರಣ ಒಂದೇ ಇರಬೇಕಾಗಿಲ್ಲ. ಎಲ್ಲವನ್ನೂ ಒಂದೊಂದಾಗಿ ನೋಡಬೇಕು.

ಎರಡೂವರೆ ತಿಂಗಳ ಮೇಲೆ ಚೀಲಗಳನ್ನು ತೆರೆದೆವು. ಹೆಪ್ಪು ಹಾಕಿದ್ದೂ ಚೆನ್ನಾಗಿತ್ತು, ಹಾಕದ್ದೂ ಚೆನ್ನಾಗಿತ್ತು! ಹಸುಗಳು ಎರಡನ್ನೂ ಆಸೆಯಿಂದ ತಿಂದವು. "ನಿನ್ನ ಪುಡಿ ದುಡ್ಡು ದಂಡ" ಎಂದು ಅಪ್ಪ ನಕ್ಕರು. ಮೆಕ್ಕೆಜೋಳದಲ್ಲಿ ಸಕ್ಕರೆ ಧಾರಾಳ. ಕೆಲಸ ಸರಿಯಾಗಿ ಮಾಡಿದರೆ ಹೆಪ್ಪಿಲ್ಲದೆಯೂ ಅದು ಒಳ್ಳೆಯ ರಸಮೇವಾಗುತ್ತದೆ.

ದಿನವೂ ಸ್ವಲ್ಪ ಸ್ವಲ್ಪ ತೆಗೆದು ಹಾಕತೊಡಗಿದೆವು. ಮೂರನೆಯ ದಿನ ಹೆಪ್ಪಿಲ್ಲದ ಚೀಲದೊಳಗೆ ಕೈ ಇಟ್ಟಾಗ ಬೆಚ್ಚಗಾಗಿತ್ತು. ಆ ಬಿಸಿಯ ಗುರುತು ನನ್ನ ಕೈಗೆ ಚೆನ್ನಾಗಿತ್ತು. ಹೆಪ್ಪು ಹಾಕಿದ ಚೀಲ ಆರನೆಯ ದಿನವೂ ತಣ್ಣಗಿತ್ತು. ನಮ್ಮ ಪುಡಿಯಲ್ಲಿ ಬುಕ್ನೆರಿ ಇತ್ತಲ್ಲ! ಅಪ್ಪ ಎರಡೂ ಚೀಲಗಳಿಗೆ ಸರದಿಯಂತೆ ಕೈ ಹಾಕಿ ನೋಡಿದರು, ಆಮೇಲೆ ನಗಲಿಲ್ಲ. ಎರಡೆರಡು ಚೀಲ ನೋಡಿ ದೊಡ್ಡ ತೀರ್ಮಾನಕ್ಕೆ ಬರಬಾರದು ನಿಜ. ವಿಜ್ಞಾನಿಗಳು ಇಂಥ ಪರೀಕ್ಷೆಯನ್ನು ಹಲವು ಬೆಳೆಗಳಲ್ಲಿ, ಹಲವು ಸಲ ಮಾಡಿ ನೋಡುತ್ತಾರೆ. ನಮ್ಮ ಮನೆಗೆ ಮಾತ್ರ ಅಷ್ಟು ಸಾಕಾಯಿತು.

2023ರಲ್ಲಿ ಮತ್ತೆ ಬರ ಬಂತು. ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಕೊಳವೆಬಾವಿಯ ಕಡೆಯ ನೀರಿನಲ್ಲಿ ಬೆಳೆದ ಮೇವನ್ನು ಅಪ್ಪ ಚೀಲಗಳಲ್ಲಿ ಭದ್ರ ಮಾಡಿದ್ದರು. 2024ರ ಬೇಸಿಗೆ ದಾಟಿತು. ಈ ಸಲ ಯಾವ ಹಸುವೂ ಸಂತೆಗೆ ಹೋಗಲಿಲ್ಲ.

ಹೆಪ್ಪು ಮಾಡಲಾರದ ಕೆಲಸ

ಹೆಪ್ಪು ಮಂತ್ರದ ಪುಡಿಯಲ್ಲ. ಒಡೆದ ಹಾಲಿಗೆ ಎಷ್ಟು ಹೆಪ್ಪು ಹಾಕಿದರೂ ಒಳ್ಳೆಯ ಮೊಸರಾಗುತ್ತದೆಯೇ? ಇದೂ ಹಾಗೆಯೇ. ಗಾಳಿ ಆಡುವ ಗುಂಡಿಯನ್ನು, ಮಣ್ಣು ಮೆತ್ತಿದ ಮೇವನ್ನು ಯಾವ ಬ್ಯಾಕ್ಟೀರಿಯಾವೂ ಕಾಪಾಡಲಾರದು. ನಾನು ಇಣುಕಿದ ಮೂಲೆಯನ್ನು 10 ಸಾವಿರ ಕೋಟಿ ಬ್ಯಾಕ್ಟೀರಿಯಾಗಳೂ ಉಳಿಸುತ್ತಿರಲಿಲ್ಲ. ಅವುಗಳಿಗೆ ತಿನ್ನಲು ಸಕ್ಕರೆಯೂ ಬೇಕು. ನೇಪಿಯರ್ ಹುಲ್ಲು, ಅಲಸಂದೆಯಂಥ ಮೇವಿನಲ್ಲಿ ಸಕ್ಕರೆ ಕಡಿಮೆ. ಅವುಗಳನ್ನು ಸ್ವಲ್ಪ ಬಾಡಿಸಿ, ಬೆಲ್ಲದ ನೀರನ್ನೋ ಕಾಕಂಬಿಯನ್ನೋ ಸೇರಿಸುತ್ತಾರೆ. ನಮ್ಮ ಕೆಲಸವನ್ನು ನಾವು ಮಾಡಿದರೆ, ಅವು ತಮ್ಮ ಕೆಲಸವನ್ನು ಮಾಡುತ್ತವೆ.

ಒಂದು ಎಚ್ಚರಿಕೆ. ರಸಮೇವಿನ ಆಳವಾದ ಗುಂಡಿಗೆ, ಹಗೇವಿಗೆ ಎಂದೂ ಒಬ್ಬರೇ ಇಳಿಯಬೇಡಿ. ಅಲ್ಲಿ ಸೇರಿಕೊಂಡ ಅನಿಲಗಳು ಉಸಿರು ಕಟ್ಟಿಸಿ ಜೀವ ತೆಗೆಯಬಲ್ಲವು. ಬೂಷ್ಟು ಬಂದ ಮೇವನ್ನು ದನಗಳಿಗೆ ಹಾಕಲೇಬಾರದು.

ಮಾಡಿ ನೋಡಿ

ನಿಮ್ಮ ಶಿಕ್ಷಕರ ಸಹಾಯದಿಂದ ಈ ಪ್ರಯೋಗ ಮಾಡಿ.

ಮೊದಲು ಹುಲ್ಲಿನ ಹೆಪ್ಪು. ಒಂದು ಹಿಡಿ ಹಸಿ ಹುಲ್ಲನ್ನು ಜಜ್ಜಿ, ಒಂದು ಲೋಟ ಬಾವಿ ನೀರಿನಲ್ಲಿ ಕಿವುಚಿ ಸೋಸಿ. ಒಂದು ಚಿಕ್ಕ ಚಮಚ ಸಕ್ಕರೆ ಬೆರೆಸಿ, ಬಾಟಲಿಯಲ್ಲಿ ತುಂಬಿ, ಮುಚ್ಚಳ ಸಡಿಲವಾಗಿ ಮುಚ್ಚಿ ಎರಡು ದಿನ ಬೆಚ್ಚಗಿನ ಜಾಗದಲ್ಲಿಡಿ. ಇಂಥ ಹುಲ್ಲಿನ ರಸವನ್ನು ರಸಮೇವಿಗೆ ಬಳಸುವ ಬಗ್ಗೆ ಜಪಾನಿನ ವಿಜ್ಞಾನಿಗಳು ಅಧ್ಯಯನ ಮಾಡಿದ್ದಾರೆ.

ಅನಂತರ ಹಸಿ ಮೆಕ್ಕೆಜೋಳದ ಗರಿ ಅಥವಾ ಹುಲ್ಲನ್ನು ದೊಡ್ಡವರಿಂದ ಸಣ್ಣಗೆ ಕತ್ತರಿಸಿ, ಮೂರು ಗಂಟೆ ನೆರಳಿನಲ್ಲಿ ಬಾಡಿಸಿ, ಮೂರು ಸಮಪಾಲು ಮಾಡಿ. ಮೂರು ದಪ್ಪ ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳಿ. ಒಂದನೆಯದಕ್ಕೆ ಮೇವು ತುಂಬಿ, ಗಾಳಿ ಪೂರ್ತಿ ಹಿಂಡಿ ತೆಗೆದು, ಬಿಗಿಯಾಗಿ ಕಟ್ಟಿ. ಎರಡನೆಯದಕ್ಕೆ ಎರಡು ಚಮಚ ಹುಲ್ಲಿನ ಹೆಪ್ಪು ಬೆರೆಸಿ, ಹಾಗೆಯೇ ಕಟ್ಟಿ. ಮೂರನೆಯದಕ್ಕೂ ಹೆಪ್ಪು ಬೆರೆಸಿ, ಆದರೆ ಸಡಿಲವಾಗಿ ತುಂಬಿ, ಚೀಲಕ್ಕೆ ಒಂದು ಸಣ್ಣ ತೂತು ಮಾಡಿ. ಮೂರನ್ನೂ ನೆರಳಿನಲ್ಲಿಡಿ. ಚೀಲ ಸ್ವಲ್ಪ ಉಬ್ಬಿದರೆ ಗಾಬರಿ ಬೇಡ, ಬಿಚ್ಚಲೂ ಬೇಡ.

ಮೂರು ವಾರಗಳ ನಂತರ ಬಯಲಿನಲ್ಲಿ ಬಿಚ್ಚಿ. ಯಾವುದರ ಬಣ್ಣ ಹೇಗಿದೆ? ಯಾವುದರಲ್ಲಿ ಬೂಷ್ಟಿದೆ? ಬೂಷ್ಟಿಲ್ಲದ ಮೇವನ್ನು ಸ್ವಲ್ಪ ನೀರಿನಲ್ಲಿ ಕಿವುಚಿ, ಆ ನೀರಿಗೆ ಕೆಂಪು ದಾಸವಾಳದ ರಸ ಹಾಕಿ. ಆಮ್ಲವಿದ್ದರೆ ಗಾಢ ಗುಲಾಬಿ ಬಣ್ಣ ಬರುತ್ತದೆ. ಮೇವನ್ನು ನಾಲಿಗೆಗೆ ತಾಗಿಸಬೇಡಿ. ಬೂಷ್ಟು ಬಂದ ಚೀಲಕ್ಕೆ ಮೂಗು ಒಡ್ಡಬೇಡಿ. ಕೊನೆಗೆ ಸೋಪಿನಿಂದ ಕೈ ತೊಳೆಯಿರಿ. ನೋಡಿದ್ದನ್ನು ಇದ್ದ ಹಾಗೆಯೇ ಬರೆದಿಡಿ. ನೀವು ಅಂದುಕೊಂಡಂತೆ ಆಗದಿದ್ದರೆ ಅದನ್ನೂ ಬರೆಯಿರಿ. ಏಕೆ ಹಾಗಾಯಿತು ಎಂದು ಗೆಳೆಯರ ಜೊತೆ ಚರ್ಚಿಸಿ.

ಕೆಂಪಿಯ ಹಗ್ಗ ಈಗಲೂ ನಮ್ಮ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದೆ. ಅದನ್ನು ಕಂಡಾಗಲೆಲ್ಲ ಏಳನೇ ತರಗತಿಯ ಆ ಹುಡುಗಿ ನೆನಪಾಗುತ್ತಾಳೆ. ಅವಳ ಕುತೂಹಲ ತಪ್ಪಾಗಿರಲಿಲ್ಲ. ಮನೆಯ ಮೇವಿನ ಗುಂಡಿಗೆ ಕೈ ಹಾಕುವ ಬದಲು ಒಂದು ಸಣ್ಣ ಚೀಲದಲ್ಲಿ ಪ್ರಯೋಗ ಮಾಡಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದನ್ನು ನಿಮಗೆ ಹೇಳಬೇಕೆಂದೇ ಇಷ್ಟು ಬರೆದೆ.

ಇಂದು ರಾತ್ರಿ ಹಾಲಿಗೆ ಹೆಪ್ಪು ಹಾಕುವ ಕೆಲಸವನ್ನು ನೀವೇ ಕೇಳಿ ಮಾಡಿ. ಮುಚ್ಚಿಟ್ಟ ಮೇಲೆ ಬೆಳಗಾಗುವವರೆಗೆ ಮಾತ್ರ ಇಣುಕಬೇಡಿ!